ಎಡಕ್ಕೆ ತಿರುಚಿದ ತೋಳು

ಗಾಜು ಊದಿ ಬದುಕುವ ನಮ್ಮ ಮುರಾನೊ ದ್ವೀಪದಲ್ಲಿ ದೀಪ ಹಚ್ಚಿದರೆ ಜನ ಬೆಳಕನ್ನು ನೋಡುವುದಿಲ್ಲ, ದೀಪದ ತೋಳುಗಳನ್ನು ನೋಡುತ್ತಾರೆ. ಮದುವೆ ಊಟಕ್ಕೆ ಕೂತ ಅಜ್ಜಿಯರು ಮದುಮಗಳ ಕಡೆ ಒಂದು ಸಲ ಕಣ್ಣು ಹಾಯಿಸಿ, ಆಮೇಲೆ ಕತ್ತೆತ್ತಿ ತೂಗುದೀಪದ ತೋಳಿನ ಸುತ್ತುಗಳನ್ನು ಎಣಿಸತೊಡಗುತ್ತಾರೆ. "ಒಂಬತ್ತು ಸುತ್ತು. ಇದು ಒರೆಸ್ತೆ ಕೈ." "ಹೋಗೇ, ಒರೆಸ್ತೆ ಯಾವತ್ತು ಒಂಬತ್ತು ಹಾಕಿದ್ದ?" ಇಂಥ ಊರಿನಲ್ಲಿ ಒಂದೇ ಒಂದು ತೋಳು ತಪ್ಪು ದಿಕ್ಕಿಗೆ ತಿರುಚಿಕೊಂಡರೆ ಏನಾಗುತ್ತದೆ ಎಂಬುದನ್ನು ಎರ್ಮೇತೆ ಬುಲ್ಲೊನ ಬದುಕು ನೋಡಿ ತಿಳಿಯಬೇಕು. ಅವನ ಕತೆ ಹೇಳುವುದಕ್ಕೆ ನನಗಿಂತ ಯೋಗ್ಯರಿಲ್ಲ. ನನಗಿಂತ ಅಯೋಗ್ಯರೂ ಇಲ್ಲ. ಅದು ಯಾಕೆಂದು ಹೇಳುತ್ತೇನೆ.

ನಾನು ಆರ್ಮಿದಾ. ನಲವತ್ತು ವರ್ಷ ಕುಲುಮೆಯ ಮಾಳಿಗೆಯಲ್ಲಿ ತೂಗುದೀಪ ಜೋಡಿಸಿದವಳು. ಕೆಳಗೆ ಬೆಂಕಿಯ ಮುಂದೆ ಗಂಡಸರು ತೋಳು, ಹೂವು, ಎಲೆ ಮಾಡುತ್ತಿದ್ದರು. ಮೇಲೆ ನಾವು ಹೆಂಗಸರು ಅವುಗಳೊಳಗೆ ತಂತಿ ಪೋಣಿಸಿ, ನಡುವಿನ ಬಟ್ಟಲಿನ ತೂತುಗಳಲ್ಲಿ ಕೂರಿಸಿ, ಒಂದೊಂದಕ್ಕೂ ನಂಬರು ಹಾಕಿ, ಮತ್ತೆ ಎಲ್ಲ ಬಿಚ್ಚಿ, ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದೆವು. ಆ ಪೆಟ್ಟಿಗೆಗಳು ಬೈರೂತ್‌ಗೆ, ಕರಾಕಸ್‌ಗೆ, ಮಿಲಾನಿನ ಹೋಟೆಲುಗಳಿಗೆ ಹೋಗುತ್ತಿದ್ದವು. ನಮ್ಮ ಮನೆಗಳಲ್ಲಿ ಮಾತ್ರ ಸೂರಿನಿಂದ ಇಳಿಬಿಟ್ಟ ತಂತಿ, ಅದರ ತುದಿಗೊಂದು ಬೋಳು ಬಲ್ಬು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಯಾವ ಊರಿಗೆ ಒಪ್ಪುತ್ತದೋ ಗೊತ್ತಿಲ್ಲ, ನಮ್ಮ ಊರಿಗಂತೂ ಒಪ್ಪುತ್ತದೆ.

ಎರ್ಮೇತೆ ಕೆಳಗೆ ಎರಡನೆಯ ಕೈ. ಮೇಸ್ತ್ರಿ ಪೀಠದ ಮೇಲೆ ಕೂತು ಕೆಲಸ ಮಾಡಿದರೆ, ಎರಡನೆಯ ಕೈಯವನು ಗಾಜು ಕಾಯಿಸಿ ತಂದು ಕೊಡಬೇಕು, ಎಳೆಯುವಾಗ ಇನ್ನೊಂದು ತುದಿ ಹಿಡಿಯಬೇಕು, ಬೈಗುಳ ಬಂದರೆ ತಿನ್ನಬೇಕು. ಪೀಠ ಎಂದರೆ ಸಿಂಹಾಸನವೇನಲ್ಲ. ಎರಡು ಕಬ್ಬಿಣದ ಪಟ್ಟಿ ಹೊಡೆದ, ಸುಟ್ಟ ಕಲೆಗಳ ಮರದ ಬೆಂಚು. ಆದರೆ ಅದರ ಮೇಲೆ ಕೂತವನು ಮಾತ್ರ ತಾನು ಮಾಡಿದ್ದನ್ನು "ನನ್ನದು" ಅನ್ನಬಹುದು. ಉಳಿದವರು ಮೂವತ್ತು ವರ್ಷ ದುಡಿದರೂ ಒಂದು ಎಲೆಯನ್ನೂ ತಮ್ಮದು ಅನ್ನುವಂತಿಲ್ಲ.

ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಜಾಂಕೊ ಎಂದು. ಅಂದರೆ ಎಡಚ. ಶಾಲೆಯಲ್ಲಿ ಸನ್ಯಾಸಿನಿಯರು ಅವನ ಎಡಗೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಸಿದ್ದರು. ಕುಲುಮೆಯಲ್ಲಿ ಮೇಸ್ತ್ರಿ ಒರೆಸ್ತೆ ಅದನ್ನು ಬೈಗುಳದಲ್ಲೇ ಕಟ್ಟಿಹಾಕಿದ. ಕಾರಣ ಇಲ್ಲದಿಲ್ಲ. ನಮ್ಮಲ್ಲಿ ಎಡ ಅಂಗೈಯಿಂದ ಗಾಜು ಅಂಟಿದ ಕಬ್ಬಿಣದ ಕೊಳವೆ ಉರುಳಿಸುತ್ತಾರೆ, ಬಲಗೈಯಲ್ಲಿ ಇಕ್ಕಳ ಹಿಡಿಯುತ್ತಾರೆ. ಊರಿಗೆಲ್ಲ ಒಂದೇ ಪದ್ಧತಿ, ಹಾಗಾಗಿ ಊರಿನ ತೋಳುಗಳಿಗೆಲ್ಲ ಒಂದೇ ತಿರುವು, ಬಲಕ್ಕೆ. ಎಡಚ ಕೂತರೆ ಎಲ್ಲ ತಿರುವುಮುರುವು. ಎರ್ಮೇತೆ ಬಲಗೈಯನ್ನು ಎಷ್ಟು ಪಳಗಿಸಿದ್ದನೆಂದರೆ ನೋಡಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಇಸ್ಪೀಟು ಹಂಚುವಾಗ, ಬ್ರೆಡ್ಡು ಕೊಯ್ಯುವಾಗ, ಸಿಟ್ಟು ಬಂದು ಬೈಯುವಾಗ ಎಡಗೈಯೇ ಮುಂದೆ ಬರುತ್ತಿತ್ತು. ಎಲೆ ಹಂಚುವುದು ಉಲ್ಟಾ ಆಗಿ ಪ್ರತಿ ಭಾನುವಾರ ಜಗಳ.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ನಮ್ಮ ಕುಲುಮೆ ಕೆಲಸಗಾರರ ಸಂಘ ಒಂದು ವಿಚಿತ್ರ ತೀರ್ಮಾನ ಮಾಡಿತು. ಊರಿಗೆಲ್ಲ ದೀಪ ಮಾಡಿ ಕಳಿಸುವ ನಾವು ನಮ್ಮ ಸಂಘದ ಹಾಲಿಗೂ ಒಂದು ತೂಗುದೀಪ ಮಾಡಿಕೊಳ್ಳೋಣ ಎಂದು. ಹನ್ನೆರಡು ತೋಳು, ಜೇನುಬಣ್ಣ, ತುದಿಗೆ ಹಾಲುಬಣ್ಣದ ಹೂ. ಆಗಸ್ಟ್ ಏಳಕ್ಕೆ ಊರ ದೇವರು ಸಂತ ದೊನಾತೊನ ಹಬ್ಬ, ಅವತ್ತು ಹಚ್ಚಬೇಕು. ತೋಳುಗಳನ್ನು ಮಾಡಿದವನು ಒರೆಸ್ತೆ. ಜೋಡಿಸುವವಳು ನಾನು. ಆಗ ನನಗೆ ಇಪ್ಪತ್ತೆರಡು, ಎರ್ಮೇತೆಗೆ ಇಪ್ಪತ್ತಾರು. ಸೆಪ್ಟೆಂಬರಿನಲ್ಲಿ ಅವನಿಗೆ ಪೀಠ ಕೊಡುತ್ತೇನೆ ಎಂದು ಒರೆಸ್ತೆ ನಾಲ್ಕು ಜನರ ಮುಂದೆ ಹೇಳಿಯೂ ಆಗಿತ್ತು.

ಜುಲೈ ಮೂವತ್ತೊಂದು, ಬೆಂಕಿ ಆರಿಸುವ ದಿನ. ಆಗಸ್ಟ್ ಪೂರ್ತಿ ಕುಲುಮೆಗಳೆಲ್ಲ ತಣ್ಣಗೆ ಮಲಗುತ್ತವೆ. ಗಂಡಸರು ಮಧ್ಯಾಹ್ನವೇ ಕೆಲಸ ಮುಗಿಸಿ ಕಾಲುವೆಯ ಆಚೆ ವೈನಿನಂಗಡಿಗೆ ಹೋಗಿದ್ದರು. ನಾನು ಮಾಳಿಗೆಯಲ್ಲಿ ನಾಲ್ಕನೆಯ ತೋಳು ಕೂರಿಸುತ್ತಿದ್ದೆ. ಬೇಗ ಮುಗಿಸುವ ಆತುರದಲ್ಲಿ ಕೊಂಚ ಜಾಸ್ತಿ ಬಿಗಿದೆ. ಟಕ್ ಅಂತು.

ತೋಳು ತುಂಡಾಯಿತು. ಆ ವಸಂತದಲ್ಲಿ ಎರಡು ಹೂ ಒಡೆದಿದ್ದೆ, ಇನ್ನೊಂದು ಒಡೆದರೆ ಮನೆಗೆ ಹೋಗು ಎಂದಿದ್ದರು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ತುಂಡುಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಕೆಳಗೆ ಓಡಿದೆ. ಎರ್ಮೇತೆಯೊಬ್ಬನೇ ಕೂತು ಬ್ರೆಡ್ಡಿನ ಜೊತೆ ಈರುಳ್ಳಿ ಹಾಕಿ ಹುಳಿಸಿದ ಮೀನು ತಿನ್ನುತ್ತಿದ್ದ.

"ಎರ್ಮೇತೆ, ತೋಳು ಹೋಯ್ತು."

"ಯಾವ್ದು? ನಿಂದಾ, ದೀಪದ್ದಾ?"

"ತಮಾಷೆ ಬೇಡ ಕಣೋ. ನಾಲ್ಕನೇದು. ಈ ಸಲ ನನ್ನ ಕಳಿಸೇ ಬಿಡ್ತಾರೆ."

ಅವನು ತುಂಡುಗಳನ್ನು ನೋಡಿದ, ನನ್ನ ಮುಖ ನೋಡಿದ, ಕುಲುಮೆಯ ಬಾಯಿ ನೋಡಿದ. ಒಳಗೆ ಇನ್ನೂ ಕೆಂಪಿತ್ತು. "ಇನ್ನು ಅರ್ಧ ಗಂಟೆ ಗಾಜು ಮೆತ್ತಗಿರುತ್ತೆ. ಆದ್ರೆ ಇನ್ನೊಂದು ತುದಿ ಹಿಡಿಯೋಕೆ ಜನ ಬೇಕಲ್ಲ. ನೀನೇ ಹಿಡಿ."

"ಹೆಂಗಸ್ರು ಬೆಂಕಿ ಹತ್ರ ಬಂದ್ರೆ ಗಾಜು ಸೀಳುತ್ತೆ ಅಂತಾರಲ್ಲ."

"ನೀನು ಮಾಳಿಗೇಲಿದ್ದೇ ಸೀಳಿದೀಯ. ಇನ್ನೇನು ಉಳಿದಿದೆ? ಬಾ."

ಅವಸರದಲ್ಲಿ ಅವನು ಒರೆಸ್ತೆಯ ಪೀಠದ ಮೇಲೆ ಬೆನ್ನು ತಿರುಗಿಸಿ ಕೂತ, ಎಡಚನಿಗೆ ಹೇಗೆ ಕೂತರೆ ಅನುಕೂಲವೋ ಹಾಗೆ. ನೋಡುವವರು ಯಾರೂ ಇರಲಿಲ್ಲ. ಹುಟ್ಟಿದಾರಭ್ಯ ಕಟ್ಟಿಹಾಕಿದ್ದ ಕೈಯನ್ನು ಅವನು ಬಿಚ್ಚಿದ್ದನ್ನು ನಾನು ಕಣ್ಣಾರೆ ನೋಡಿದೆ. ಎಷ್ಟು ಹಗುರವಾಗಿ ಓಡುತ್ತಿತ್ತು ಆ ಕೈ! ನಾನು ಇಕ್ಕಳದಲ್ಲಿ ತುದಿ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದೆ, ಅವನು ಕೊಳವೆ ಉರುಳಿಸಿದ, ನಮ್ಮಿಬ್ಬರ ನಡುವೆ ಜೇನುಬಣ್ಣದ ಗಾಜು ಹುರಿಗೊಳ್ಳುತ್ತ ಉದ್ದವಾಯಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಚ್ಚಿನ ಮೇಲೆ ಅದನ್ನು ಬಾಗಿಸಿ, ಗಾಜನ್ನು ನಿಧಾನಕ್ಕೆ ತಣಿಸುವ ಒಲೆಗೆ ಇಟ್ಟ. ನನ್ನ ಹುಬ್ಬಿನ ಕೂದಲು ಸುಟ್ಟಿತ್ತು. ಅವನು ನೋಡಿ ನಕ್ಕ. ನನಗೆ ಅವನ ಮೇಲೆ ಮನಸ್ಸಾದದ್ದು ಆಗಲೇ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಎರಡು ದಿನ ಬಿಟ್ಟು ತೋಳು ಹೊರಗೆ ತೆಗೆದಾಗ ನೋಡುತ್ತೇನೆ, ಹನ್ನೊಂದು ಬಲಕ್ಕೆ, ಇದೊಂದು ಎಡಕ್ಕೆ. ಮತ್ತೊಂದು ಮಾಡಲು ಬೆಂಕಿಯೇ ಇಲ್ಲ. ಗೋಡೆಯ ಕಡೆ ಬರುವಂತೆ ಕೂರಿಸಿ ಬಾಯಿ ಮುಚ್ಚಿಕೊಂಡೆ.

ಹಬ್ಬದ ದಿನ ದೀಪ ಹತ್ತಿತು. ಚಪ್ಪಾಳೆ ಮುಗಿಯುವುದರೊಳಗೆ ಮಣಿ ಪೋಣಿಸುವ ಲಿಬೆರಾ ಅಜ್ಜಿಯ ಕೀರಲು ಧ್ವನಿ ಎದ್ದಿತು: "ಅಯ್ಯೋ, ಆ ನಾಲ್ಕನೇದು ಯಾರ ಮೇಲೆ ಮುನಿಸ್ಕೊಂಡು ಆ ಕಡೆ ತಿರುಗಿದೆ?"

ಹಾಲಿಗೆ ಹಾಲೇ ಕತ್ತೆತ್ತಿತು. ಒರೆಸ್ತೆಯ ಮುಖ ಕುಲುಮೆಯ ಬಾಯಿಯಂತಾಯಿತು. "ಯಾರ ಕೈ ಇದು?"

"ನಂದು," ಎಂದ ಎರ್ಮೇತೆ.

"ನನ್ನ ತೋಳೇನಾಯ್ತು?"

"ಒಡೀತು. ನಾನೇ ಒಡೆದೆ."

ನಾನು ಅವನಿಂದ ಮೂರು ಮಾರು ದೂರದಲ್ಲಿ, ಕೈಯಲ್ಲಿ ವೈನಿನ ಲೋಟ ಹಿಡಿದು ನಿಂತಿದ್ದೆ. ತುಟಿ ಪಿಟಿಕ್ಕೆನ್ನಲಿಲ್ಲ.

"ನನ್ನ ತೋಳು ಒಡೆದು, ನನ್ನ ಪೀಠದಲ್ಲಿ ಕೂತು, ನನಗೇ ಹೇಳದೆ ನೇತುಹಾಕ್ತೀಯಾ? ನಾನಿರೋ ತನಕ ನೀನು ಆ ಪೀಠ ಹತ್ತಲ್ಲ," ಎಂದ ಒರೆಸ್ತೆ. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಮೂವತ್ತೈದು ವರ್ಷ ಗುಂಡುಕಲ್ಲಿನ ಹಾಗೆ ಇದ್ದ.

ಬೇರೆ ಕುಲುಮೆಗೆ ಹೋಗಬಹುದಿತ್ತಲ್ಲ ಎನ್ನಬಹುದು. ನಮ್ಮ ದ್ವೀಪ ಅಂಗೈ ಅಗಲ. ಎರ್ಮೇತೆ ಯಾವ ಬಾಗಿಲಿಗೆ ಹೋದರೂ ಮಾತು ಅವನಿಗಿಂತ ಮೊದಲೇ ಹೋಗಿ ಒಳಗೆ ಕೂತಿರುತ್ತಿತ್ತು. ಎರಡನೆಯ ಕೈಯಾಗಿಯೇ ಉಳಿದ. ನಾಲ್ಕನೆಯ ತೋಳನ್ನು ಸೆಪ್ಟೆಂಬರಿನಲ್ಲಿ ಬದಲಾಯಿಸೋಣ ಎಂದರು, ಯಾವ ವರ್ಷದ ಸೆಪ್ಟೆಂಬರ್ ಎಂದು ಹೇಳಲಿಲ್ಲ. ಅದು ಊರಿಗೊಂದು ನಗೆಚಾಟಿಕೆಯಾಯಿತು. ಮಾತು ಕೇಳದ ಮಗುವಿಗೆ "ನೀನೊಂದು ನಾಲ್ಕನೇ ತೋಳು" ಎನ್ನುವುದು ರೂಢಿಯಾಯಿತು.

ನಾನು ದೋಣಿಬಸ್ಸಿನ ಕಂಡಕ್ಟರೊಬ್ಬನನ್ನು ಮದುವೆಯಾದೆ. ಒಳ್ಳೆಯವನೇ, ಗಾಜಿನ ಲೋಟ ತೊಳೆಯಲೂ ಹೆದರುತ್ತಿದ್ದ. ನನ್ನ ಜೊತೆ ಹದಿನೆಂಟು ವರ್ಷ ಬಾಳಿ ತೀರಿಹೋದ. ಎರ್ಮೇತೆ ಮದುವೆಯಾಗಲಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಹಾವುಮೀನನ್ನು ಲವಂಗದೆಲೆಯ ಜೊತೆ ಮಣ್ಣಿನ ತಟ್ಟೆಯಲ್ಲಿಟ್ಟು ಕುಲುಮೆಯ ತಲೆಯ ಮೇಲೆ ಬೇಯಿಸುವುದರಲ್ಲಿ ಅವನದು ಎತ್ತಿದ ಕೈ, ಎಡದ್ದೇ. ಪ್ರತಿ ವರ್ಷ ಮಾಳಿಗೆಗೆ ಒಂದು ತುಂಡು ಬರುತ್ತಿತ್ತು. "ನೋಡ್ಕೊಂಡು ತಿನ್ನು, ಮುಳ್ಳಿದೆ," ಎಂದಷ್ಟೇ ಹೇಳುತ್ತಿದ್ದ. ಅರವತ್ತೊಂದರ ಬಗ್ಗೆ ಒಂದು ಸಲವೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೂ ಹಗುರಾಗುತ್ತಿತ್ತೇನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಒಡೆದೆ, ಆಡಲಿಲ್ಲ. ಆಡದ ಮಾತು ಎಲ್ಲೂ ಹೋಗದೆ ಗಂಟಲಲ್ಲೇ ಕೂತಿತ್ತು.

ತೊಂಬತ್ತೇಳರಲ್ಲಿ ದೀಪವನ್ನು ಕೆಳಗಿಳಿಸಬೇಕಾಯಿತು. ಬಟ್ಟೆ ಸುತ್ತಿದ ಹಳೆಯ ತಂತಿ, ಬೆಂಕಿ ಹತ್ತೀತು ಎಂದು ತಪಾಸಣೆಯವರು ಚೀಟಿ ಬರೆದಿದ್ದರು. ಹೊಸ ತಂತಿ ಪೋಣಿಸಲು ನನ್ನನ್ನು ಕರೆದರು. ಆಗ ಸಂಘಕ್ಕೆ ಅಧ್ಯಕ್ಷನಾಗಿದ್ದವನು ಸಾಂತೆ ಎಂಬ ದಂತವೈದ್ಯ. ಅವನ ಅಜ್ಜ ಕುಲುಮೆಯವನೇ, ಇವನು ಮಾತ್ರ ಬಾಯಿಗಳೊಳಗೆ ಇಕ್ಕಳ ಹಾಕುವವನು. ಮೇಜಿನ ಮೇಲೆ ಸಾಲಾಗಿಟ್ಟ ತೋಳುಗಳನ್ನು ನೋಡಿ ಅವನಿಗೆ ವಕ್ರ ಹಲ್ಲು ಕಂಡಂತಾಯಿತು.

"ಇದೊಂದು ಸೊಟ್ಟ ಇದೆಯಲ್ಲ ಆರ್ಮಿದಮ್ಮ. ತಲೆಕೆಳಗು ಮಾಡಿ ಕೂರಿಸಿದ್ರೆ ತಿರುವು ಸರಿಹೋಗಲ್ವಾ?"

ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒರೆಸ್ತೆಯ ಮಗ ರೆನ್ಸೊ, ಈಗ ಅವನೇ ಮೇಸ್ತ್ರಿ, ಕಣ್ಣೊರೆಸಿಕೊಂಡು ಹೇಳಿದ: "ಹಗ್ಗ ಉಲ್ಟಾ ಹಿಡಿದ್ರೆ ಹುರಿ ಬದಲಾಗುತ್ತಾ ಡಾಕ್ಟ್ರೇ? ಯಾವ ಕಡೆಯಿಂದ ಹಿಡಿದ್ರೂ ಎಡಚ ಎಡಚನೇ."

"ಹಾಗಾದ್ರೆ ಕಿತ್ತು ಚೂರಿನ ಡಬ್ಬಕ್ಕೆ ಹಾಕಿ," ಎಂದ ಸಾಂತೆ, ಹಲ್ಲಿನ ವಿಷಯ ಮಾತಾಡಿದಂತೆ. "ಹೊಸದು ಎರ್ಮೇತೆಯವ್ರೇ ಮಾಡ್ಲಿ. ಅವರ ತಪ್ಪು ಅವರೇ ತಿದ್ದಿದ ಹಾಗಾಗುತ್ತೆ. ರೆನ್ಸೊ, ನಿನ್ನ ಪೀಠ ಕೊಡ್ತೀಯಲ್ಲ?"

ರೆನ್ಸೊ ಒಂದು ಗಳಿಗೆ ಯೋಚಿಸಿ, "ಅಪ್ಪ ಇರೋ ತನಕ ಅಂದಿದ್ರು. ಅಪ್ಪ ಈಗಿಲ್ಲ," ಎಂದ.

ನಾನು ನೇರ ಎರ್ಮೇತೆಯ ಮನೆಗೆ ಹೋದೆ. ನಿವೃತ್ತನಾಗಿ ಎರಡು ವರ್ಷವಾಗಿತ್ತು. ಒಣ ಬಿಸ್ಕತ್ತಿನ ಬಳೆಗಳನ್ನು ವೈನಿನಲ್ಲಿ ಅದ್ದಿ ತಿನ್ನುತ್ತ ಕೂತಿದ್ದ. ಸುದ್ದಿ ಹೇಳಿದೆ. ಅವನು ಪೀಠದ ಮಾತಿಗೆ ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಬಿಸ್ಕತ್ತು ಕೆಳಗಿಟ್ಟ.

"ಚೂರಿನ ಡಬ್ಬಕ್ಕಾ?"

"ಹಾಗಂದ."

"ನಲವತ್ತೈದು ವರ್ಷ ಕೆಲಸ ಮಾಡಿದೀನಿ ಆರ್ಮಿದಾ. ಜಗತ್ತಲ್ಲಿ ನನ್ನದು ಅಂತ ಇರೋದು ಅದೊಂದೇ ತೋಳು. ಊರು ನಗಲಿ, ನೇತಾಡ್ತಾ ಇತ್ತಲ್ಲ. ಪ್ರತಿ ಮದುವೆಗೂ ಹೋಗಿ ನೋಡ್ತಿದ್ದೆ. ಊಟಕ್ಕೆ ಹೋಗ್ತಾನೆ ಅಂದ್ಕೊಂಡಿದ್ರು."

ನನ್ನ ಕಣ್ಣು ತುಂಬಿತು. "ಸಭೇಲಿ ಹೇಳಿಬಿಡ್ತೀನಿ, ಒಡೆದದ್ದು ನಾನು ಅಂತ. ನಿನ್ನ ತಪ್ಪೇ ಇರ್ಲಿಲ್ಲ ಅಂತ."

"ಅಯ್ಯೋ ಮಾರಾಯ್ತಿ, ಮೂವತ್ತಾರು ವರ್ಷ ಸುಮ್ನಿದ್ದು ಈಗ್ಯಾಕೆ ಅವಸರ? ಅದ್ರಿಂದ ತೋಳು ಉಳಿಯುತ್ತಾ? ಸೊಟ್ಟ ಸೊಟ್ಟಾನೇ ಅಲ್ವಾ ಆ ಹಲ್ಲಿನವನಿಗೆ?" ಸ್ವಲ್ಪ ಹೊತ್ತು ಎಡಗೈಯ ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿಕೊಂಡ. "ಮಾಡ್ತೀನಿ ಅಂತ ಹೇಳು. ಇನ್ನೊಂದು ಸಲ ಆ ಪೀಠ ಹತ್ತಬೇಕು ನಾನು. ಕದ್ದಲ್ಲ."

ಶನಿವಾರ ಬೆಳಿಗ್ಗೆ ಕುಲುಮೆ ತುಂಬ ಜನ. ಸಾಂತೆ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಎರ್ಮೇತೆ ಪೀಠವನ್ನು ಒಂದು ಸಲ ಕೈಯಲ್ಲಿ ಸವರಿದ, ಆಮೇಲೆ ಬೆನ್ನು ತಿರುಗಿಸಿ ಕೂತ. ಗುಸುಗುಸು ಎದ್ದಿತು. ಗಾಜು ಕಾಯಿಸಿ ತಂದುಕೊಟ್ಟವನು ರೆನ್ಸೊ, ಮೇಸ್ತ್ರಿಯೇ ಎರಡನೆಯ ಕೈಯಾಗಿ ನಿಂತ. ಎಳೆಯುವ ಹೊತ್ತಿಗೆ ರೆನ್ಸೊ ಇಕ್ಕಳ ಎತ್ತಿಕೊಂಡ.

"ನೀನಲ್ಲ ಕಣಪ್ಪ," ಎಂದ ಎರ್ಮೇತೆ. "ಆರ್ಮಿದಾ, ಬಾ. ತುದಿ ಹಿಡಿ."

"ಹೆಂಗಸಾ?" ಎಂದು ಯಾರೋ ಹಿಂದಿನಿಂದ ಅಂದರು.

"ಇವಳು ಆಗಾಗ ಹಿಡೀತಾಳೆ. ಮೂವತ್ತಾರು ವರ್ಷಕ್ಕೊಂದು ಸಲ."

ಐವತ್ತೆಂಟು ವರ್ಷದ ಕಾಲುಗಳಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆದೆ. ಕೊಳವೆ ಉರುಳಿತು, ಗಾಜು ಉದ್ದವಾಯಿತು. ಅದು ಯಾವ ಕಡೆ ಹುರಿಗೊಳ್ಳುತ್ತಿದೆ ಎಂದು ಇಕ್ಕಳದ ಮೂಲಕ ನನ್ನ ಮುಂಗೈಗೆ ಗೊತ್ತಾಯಿತು. ತಲೆ ಎತ್ತಿ ನೋಡಿದೆ. ಅವನು ಅರವತ್ತೊಂದರಲ್ಲಿ ನಕ್ಕಂತೆಯೇ ನಗುತ್ತಿದ್ದ. ನೋಡುತ್ತಿದ್ದ ಹಳಬರಿಗೆಲ್ಲ ತಿಳಿಯಿತು, ಒಬ್ಬರೂ ಸೊಲ್ಲೆತ್ತಲಿಲ್ಲ. ತಿಳಿಯದವನು ಸಾಂತೆ ಒಬ್ಬನೇ, ಚಪ್ಪಾಳೆ ತಟ್ಟಿದ.

ತೋಳು ಆರಿ ಹಾಲಿಗೆ ಬಂದ ದಿನ ಅವನಿಗೂ ಕಂಡಿತು. "ಇದೂ ಎಡಕ್ಕೇ ಇದೆಯಲ್ಲ! ತಪ್ಪನ್ನ ತಿದ್ದಿ ಅಂದ್ರೆ ಇನ್ನೊಂದು ತಪ್ಪು ಮಾಡಿದೀರಲ್ಲ!"

"ಒಂದಾದ್ರೆ ತಪ್ಪು ಡಾಕ್ಟ್ರೇ," ಎಂದ ಎರ್ಮೇತೆ. "ಎರಡಾದ್ರೆ ಜೋಡಿ. ಹಳೇದು ನಾಲ್ಕರಲ್ಲೇ ಇರ್ಲಿ, ಅದಕ್ಕೆ ಎದುರು ಹತ್ತನೇ ಜಾಗದಲ್ಲಿ ಇದನ್ನ ಹಾಕಿ ನೋಡಿ. ಬೇಕು ಅಂತಾನೇ ಮಾಡಿದ ಹಾಗೆ ಕಾಣುತ್ತೆ."

ರೆನ್ಸೊ ಹೌದೆಂದ. ಅವನ ಹಿಂದೆ ನಾಲ್ಕಾರು ಜನ ಹೌದೆಂದರು. ಸಾಂತೆ ಗಲ್ಲ ಕೆರೆದುಕೊಂಡು ರಾಜಿಗೆ ಬಂದ. "ಸರಿ, ಈ ಹಬ್ಬಕ್ಕೆ ಹಾಗೇ ಇರ್ಲಿ. ಆದ್ರೆ ತೆಗೆದ ಹತ್ತನೇ ತೋಳನ್ನ ಜೋಪಾನವಾಗಿಡಿ. ಚಳಿಗಾಲದ ಸಭೇಲಿ ತೀರ್ಮಾನ ಮಾಡಿ, ಎಡದ್ದೆರಡನ್ನೂ ಕಿತ್ತು ಎಲ್ಲಾ ಸರಿಮಾಡೋಣ."

ಹೊಸ ತಂತಿ ಪೋಣಿಸಿ ದೀಪವನ್ನು ಮತ್ತೆ ತೂಗುಹಾಕಿಯಾಗಿತ್ತು, ನಾನು ಆಗ ಏಣಿಯ ಮೇಲಿದ್ದೆ. ಹತ್ತನೆಯ ತೋಳನ್ನು ಬಟ್ಟಲಿನಿಂದ ಬಿಡಿಸಿ ಕೈಯಲ್ಲಿ ಹಿಡಿದಿದ್ದೆ. ಒರೆಸ್ತೆಯ ಕೆಲಸ, ನಿಜಕ್ಕೂ ಚೆಂದದ್ದು, ಒಂಬತ್ತು ಸುತ್ತು. ಕೆಳಗೆ ಏಣಿ ಹಿಡಿದು ಎರ್ಮೇತೆ ನಿಂತಿದ್ದ. ಇದು ಇರುವ ತನಕ ಅವನ ಎರಡೂ ತೋಳುಗಳಿಗೆ ಉಳಿಗಾಲವಿಲ್ಲ ಎಂದು ನನಗೆ ಗೊತ್ತಾಯಿತು. ಯಾರೂ ನಿಂತಿಲ್ಲದ ಕಡೆ ನೋಡಿ ಕೈ ಬಿಟ್ಟೆ.

ಕಲ್ಲಿನ ನೆಲದ ಮೇಲೆ ಅದು ಮಾಡಿದ ಸದ್ದಿಗೆ ಹಾಲಿನ ಇನ್ನೊಂದು ತುದಿಯಲ್ಲಿದ್ದವರೂ ತಿರುಗಿದರು. "ಯಾರು? ಯಾರು ಒಡೆದದ್ದು?" ಎಂದು ಸಾಂತೆ ಕೂಗಿಕೊಂಡ.

ಎರ್ಮೇತೆ ಬಾಯಿ ತೆರೆದ. ಅಭ್ಯಾಸಬಲ, ಪಾಪ, "ನಾನೇ" ಎನ್ನಲು ಹೊರಟಿದ್ದ.

"ನಾನು!" ಎಂದೆ. ಧ್ವನಿ ಎಷ್ಟು ಜೋರಾಗಿ ಬಂತೆಂದರೆ ದೀಪದ ಹೂಗಳೆಲ್ಲ ಕಿಣಿಕಿಣಿ ಅಂದವು. "ನಾನೇ ಒಡೆದದ್ದು! ಅರವತ್ತೊಂದರಲ್ಲೂ ನಾಲ್ಕನೇದನ್ನ ಒಡೆದವಳು ನಾನೇ. ಇವನು ಮುಟ್ಟೇ ಇರ್ಲಿಲ್ಲ. ನನ್ನ ಕೆಲಸ ಹೋಗುತ್ತೆ ಅಂತ ಇವನು ಮಾಡಿಕೊಟ್ಟ, ಇವನ ಪೀಠ ಹೋಗ್ತಿದ್ರೂ ನಾನು ಸುಮ್ನಿದ್ದೆ. ಕೇಳಿಸ್ತಾ ಎಲ್ಲರಿಗೂ?"

ಕೇಳಿಸಿತು. ರೆನ್ಸೊ ಬಗ್ಗಿ ಅಪ್ಪನ ತೋಳಿನ ಚೂರುಗಳನ್ನು ಟೋಪಿಯೊಳಗೆ ಆರಿಸಿಕೊಂಡ. ಆಮೇಲೆ ಎದ್ದು, ಎರ್ಮೇತೆಯ ಮುಂದೆ ಬಂದು, ಊರಿನ ಯಾರೂ ಅವನನ್ನು ಕರೆಯದ ಹೆಸರಿನಿಂದ ಕರೆದ. "ಮೇಸ್ತ್ರೀ," ಎಂದ, "ಹೊಸ ತೋಳು ಎತ್ತಿ ಕೊಡ್ಲಾ?"

ಎರ್ಮೇತೆ ಏಣಿಯ ಮೇಲಿದ್ದ ನನ್ನ ಕಡೆ ನೋಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಎಂದಿನಂತೆಯೇ ಇತ್ತು.

"ಮೂವತ್ತಾರು ವರ್ಷಕ್ಕೆ ಬಾಯಿ ಬಂತು ನೋಡಿ ಇವಳಿಗೆ," ಎಂದ. "ಮೆಲ್ಲಗೆ ಬಿಗಿ ಮಾರಾಯ್ತಿ, ಇದನ್ನೂ ಒಡೀಬೇಡ."

ಹತ್ತನೆಯ ಜಾಗದಲ್ಲಿ ಅವನ ತೋಳನ್ನು ಕೂರಿಸಿ, ಎಷ್ಟು ಬೇಕೋ ಅಷ್ಟೇ ಬಿಗಿದು ಕೆಳಗಿಳಿದೆ. ಕೊನೆಯ ಮೆಟ್ಟಿಲಲ್ಲಿ ಅವನು ಕೈ ಚಾಚಿದ, ಎಡಗೈ. ನಾನೂ ಎಡಗೈಯನ್ನೇ ಕೊಟ್ಟೆ.